ಮೀನು ಮಾರುವವನಿಗೆ ಮೀನು ಗೊತ್ತಿರಬೇಡವೇ?

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳ ಒತ್ತಾಯಕ್ಕೆ ಮಣಿದು, ಬೆಂಗಳೂರಿನ ನಮ್ಮ ಬಡಾವಣೆಯ ಅಂಗಡಿಯೊಂದರಿಂದ ಎರಡು ಗೋಲ್ಡ್ ಫಿಷ್‌ಗಳನ್ನೂ ಅವುಗಳಿಗೊಂದು ದುಂಡನೆಯ ಗಾಜಿನ ಬೋಗುಣಿಯನ್ನೂ ಕೊಂಡು ತಂದೆ. 'ದಿನಾ ನಾಲ್ಕು ಕಾಳು ಹಾಕಿ ಸಾರ್, ವಾರಕ್ಕೊಂದ್ಸಲ ಪೂರ್ತಿ ನೀರು ಬದಲಾಯಿಸಿ, ಅಷ್ಟೇ' ಎಂದಿದ್ದ ಅಂಗಡಿಯ ಹುಡುಗ. ಐದನೆಯ ದಿನ ಒಂದು ಮೀನು ಸತ್ತಿತು. ಏಳನೆಯ ದಿನ ನಲ್ಲಿಯ ನೀರನ್ನು ನೇರವಾಗಿ ತುಂಬಿಸಿದೆವು. ಮರುದಿನ ಇನ್ನೊಂದೂ ತೇಲುತ್ತಿತ್ತು. 'ನಾವೇನು ತಪ್ಪು ಮಾಡಿದ್ವಿ ತಾತ?' ಎಂದು ಮೊಮ್ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂಗಡಿಗೆ ಹೋಗಿ ವಿಚಾರಿಸಿದೆ. 'ಮೀನು ಅಂದ್ರೆ ಹಾಗೇ ಸಾರ್, ಸಾಯ್ತವೆ. ಇನ್ನೊಂದು ಜೋಡಿ ಕೊಡ್ಲಾ?' ಎಂದ. ಹುಡುಗ ಕ್ರೂರಿಯೇನಲ್ಲ. ಮೂರು ತಿಂಗಳ ಹಿಂದೆ ಮೊಬೈಲ್ ಅಂಗಡಿಯಲ್ಲಿದ್ದವನು. ಮೀನಿನ ಬಗ್ಗೆ ಅವನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅವನ ಮೇಲೆ ಸಿಟ್ಟಾಗಲು ನನಗೆ ಸಾಧ್ಯವಾಗಲಿಲ್ಲ.

ಮೊಮ್ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿ ತಿಳಿದುಕೊಂಡದ್ದು ಇಷ್ಟು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತೊಟ್ಟಿಯಲ್ಲಿ ನೆಲೆಯೂರುವ ಸೂಕ್ಷ್ಮಾಣುಗಳು ಈ ವಿಷವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸೋಸುವ ಯಂತ್ರವಿಲ್ಲದ ಪುಟ್ಟ ಬೋಗುಣಿಯಲ್ಲಿ ಮೀನು ತನ್ನದೇ ವಿಸರ್ಜನೆಯಲ್ಲಿ ಉಸಿರಾಡಬೇಕಾಗುತ್ತದೆ. ಅದಕ್ಕೆ ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಒಮ್ಮೆಗೇ ತುಂಬಿದರೆ ಕಿವಿರುಗಳು ಸುಟ್ಟಂತಾಗುತ್ತವೆ. ಒಳ್ಳೆಯ ಆರೈಕೆಯಲ್ಲಿ ಗೋಲ್ಡ್ ಫಿಷ್ ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ, ಗೇಣುದ್ದ ಬೆಳೆಯುತ್ತದೆ. ನಾವು ಅದಕ್ಕೆ ಕೊಟ್ಟದ್ದು ಎಂಟು ದಿನ.

ಊಟಕ್ಕೆಂದು ಮೀನು ಕೊಳ್ಳುವ ನಾಡಿನಲ್ಲಿ ಇದು ಅತಿಯಾದ ಚಿಂತೆಯಲ್ಲವೇ ಎಂದು ಓದುಗರು ಕೇಳಬಹುದು. ಊಟದ ಮೀನಿನ ಸಾವಿಗೆ ಒಂದು ಪ್ರಯೋಜನವಾದರೂ ಇದೆ. ಬೋಗುಣಿಯ ಮೀನನ್ನು ನಾವು ಕೊಳ್ಳುವುದು ಅದು ಬದುಕಿರಲಿ ಎಂದು. 2003ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿದ್ದ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವಿನ ಪ್ರಚೋದನೆಯನ್ನು ಗ್ರಹಿಸುವ ನರತಂತುಗಳಿರುವುದನ್ನು ತೋರಿಸಿಕೊಟ್ಟರು. ಮೀನಿನ ನೋವು ಎಂಥದ್ದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅದಕ್ಕೆ ನೋವೇ ಇಲ್ಲವೆಂದು ನಿಶ್ಚಿಂತರಾಗಿರುವ ಅವಕಾಶವಂತೂ ಈಗ ನಮಗಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಜಾರ್ಜ್ ಅಕರ್ಲಾಫ್ ನೆನಪಾಗುತ್ತಾರೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು, ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂದು 1970ರಲ್ಲಿ ವಿವರಿಸಿದವರು; 2001ರಲ್ಲಿ ನೊಬೆಲ್ ಹಂಚಿಕೊಂಡವರು. ಅಲಂಕಾರಿಕ ಮೀನಿನ ಅಂಗಡಿಯ ಸ್ಥಿತಿ ಅದಕ್ಕಿಂತ ವಿಚಿತ್ರ. ಇಲ್ಲಿ ಮಾರುವವನಿಗೂ ತಿಳಿದಿಲ್ಲ, ಕೊಳ್ಳುವವನಿಗೂ ತಿಳಿದಿಲ್ಲ. ಇಬ್ಬರ ಅಜ್ಞಾನದ ಬೆಲೆಯನ್ನು ತೆರುವುದು ಮೀನು. ಸತ್ತ ಮೀನು ಅಂಗಡಿಗೆ ನಷ್ಟವಲ್ಲ, ಇನ್ನೊಂದು ವ್ಯಾಪಾರಕ್ಕೆ ದಾರಿ. ಆದ್ದರಿಂದ ಈ ದೋಷವನ್ನು ಮಾರುಕಟ್ಟೆ ತಾನಾಗಿ ತಿದ್ದಿಕೊಳ್ಳುತ್ತದೆಂದು ನಿರೀಕ್ಷಿಸುವಂತಿಲ್ಲ.

ಹಾಗಾದರೆ ಕಾನೂನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿಗಳೂ 'ಪ್ರಾಣಿ'ಗಳೇ. ಚಲನೆಗೆ ಸಾಕಷ್ಟು ಸ್ಥಳವಿಲ್ಲದ ಪಂಜರ ಅಥವಾ ಪಾತ್ರೆಯಲ್ಲಿ ಅವನ್ನು ಇಡುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ! 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಮತ್ತು ಮೀನು ಅಂಗಡಿಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಬೋಗುಣಿಯಲ್ಲಿ ಮೀನಿಡುವುದನ್ನು ನಿಷೇಧಿಸಿತು, 158 ಜಾತಿಗಳ ಪ್ರದರ್ಶನ ಮತ್ತು ಮಾರಾಟವನ್ನು ತಡೆಯಿತು, ಪಶುವೈದ್ಯರು ಅಥವಾ ಮೀನುಗಾರಿಕಾ ತಜ್ಞರ ಸೇವೆ ಇರಬೇಕೆಂದಿತು. ವ್ಯಾಪಾರಿಗಳಿಂದ ತೀವ್ರ ವಿರೋಧ ಬಂತು. ವರ್ಷ ತುಂಬುವ ಮುನ್ನವೇ ನಿಯಮಗಳು ಹಿಂದಕ್ಕೆ ಹೋದವು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಪಕ್ಷಿಗಳನ್ನು ಹೆಸರಿಸುತ್ತವೆ, ಮೀನನ್ನು ಹೆಸರಿಸುವುದಿಲ್ಲ.

ಸೇವೆಯಲ್ಲಿದ್ದಾಗ ನಾನೂ ಇಂಥ ನಿಯಮಗಳ ಕರಡನ್ನು ಬರೆದವನೇ. ಕೈಗೆಟುಕದಷ್ಟನ್ನು ಕೇಳುವ ನಿಯಮ ಕೊನೆಗೆ ಏನನ್ನೂ ಪಡೆಯುವುದಿಲ್ಲ ಎಂಬುದು ನಾನು ತಡವಾಗಿ ಕಲಿತ ಪಾಠ. ಹತ್ತಡಿ ಅಗಲದ ಅಂಗಡಿಗೆ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲ. ಹಾಗೆಂದು ಅಲ್ಲಿ ನಿಂತು ಮಾರುವವನಿಗೆ ಏನೂ ತಿಳಿದಿರಬೇಕಿಲ್ಲ ಎನ್ನುವುದೂ ಸರಿಯಲ್ಲ. ಇಂಗ್ಲೆಂಡಿನಲ್ಲಿ 2018ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಪರವಾನಗಿ ವ್ಯವಸ್ಥೆ ಈ ನಡುವಿನ ದಾರಿಯನ್ನು ಹಿಡಿದಿದೆ. ಸಿಬ್ಬಂದಿಗೆ ಲಿಖಿತ ತರಬೇತಿ ಕ್ರಮವಿರಬೇಕು; ಕೊಳ್ಳುವವರಿಗೆ ಆರೈಕೆಯ ಮಾಹಿತಿ ಕೊಡಬೇಕು; ಪ್ರಾಣಿಯ ಜೊತೆಗೆ ಮಾರುವ ಸಲಕರಣೆ ಅದಕ್ಕೆ ತಕ್ಕದ್ದಾಗಿರಬೇಕು. ಈ ಕೊನೆಯ ಷರತ್ತೊಂದೇ ಸಾಕು, ನನಗೆ ಬೋಗುಣಿ ಮಾರುವುದನ್ನು ತಡೆಯುತ್ತಿತ್ತು.

ನಮ್ಮಲ್ಲಿ ಇದು ಅಸಾಧ್ಯವೇನಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ರಾಜ್ಯದಲ್ಲಿ ಮೀನುಗಾರಿಕೆ ಇಲಾಖೆಯಿದೆ. ಅಂಗಡಿಯ ನೌಕರರಿಗೆ ಎರಡು ದಿನಗಳ ತರಬೇತಿ ಮತ್ತು ಒಂದು ಪ್ರಮಾಣಪತ್ರ, ಪ್ರತಿ ಮಾರಾಟದೊಂದಿಗೆ ಕನ್ನಡದಲ್ಲಿ ಅಚ್ಚಾದ ಒಂದು ಪುಟದ ಸೂಚನೆ, ದುಂಡು ಬೋಗುಣಿಯ ಮಾರಾಟಕ್ಕೆ ತಡೆ. ಮೊದಲ ಹೆಜ್ಜೆಗೆ ಇಷ್ಟು ಸಾಕು. ಅಂಗಡಿಯ ವಾರ್ಷಿಕ ಪರವಾನಗಿಗೆ ಇದನ್ನು ಜೋಡಿಸಿದರೆ ಹೊಸ ಇನ್ಸ್‌ಪೆಕ್ಟರುಗಳ ಪಡೆಯೂ ಬೇಕಾಗದು. ಬಲ್ಲ ವ್ಯಾಪಾರಿಗೆ ಇದರಿಂದ ಲಾಭವೇ. ಮೀನು ಬದುಕಿದ ಮನೆಯವರು ದೊಡ್ಡ ತೊಟ್ಟಿಗೆ, ಒಳ್ಳೆಯ ಆಹಾರಕ್ಕೆ ಮತ್ತೆ ಅವನ ಬಳಿಗೇ ಬರುತ್ತಾರೆ.

ಬೋಗುಣಿ ಈಗ ಅಟ್ಟ ಸೇರಿದೆ. ಕೇಳಿ ತಿಳಿಯದೆ ಒಂದು ಜೀವವನ್ನು ಮನೆಗೆ ತಂದದ್ದು ನಾನು ಮಾಡಿದ ತಪ್ಪು ಎಂದು ಮೊಮ್ಮಗಳಿಗೆ ಒಪ್ಪಿಕೊಂಡಿದ್ದೇನೆ. 'ಆ ಅಂಗಡಿಯಣ್ಣನಿಗೆ ಯಾರು ಹೇಳ್ಕೊಡ್ತಾರೆ?' ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಉತ್ತರಿಸಬೇಕಾದವರು ವಿಧಾನಸೌಧದಲ್ಲಿದ್ದಾರೆ.