ಗ್ರೈಂಡರ್‌ಗೆ ಮರದ ಬ್ಲೇಡು ಹಾಕೋ ಚಾಳಿ

ನಮ್ಮ ಚಿತ್ರದುರ್ಗದ ಕಡೆ ಆಯುಧಪೂಜೆ ದಿನ ಯಾರ ಮನೆಗೆ ಹೋದರೂ ಒಂದು ದೃಶ್ಯ ಕಾಣುತ್ತೆ. ಬೈಕು, ಕುಡುಗೋಲು, ಮಚ್ಚು, ಗುದ್ದಲಿಗಳ ಸಾಲಿನ ಕೊನೆಗೆ ಒಂದು ನಾಲ್ಕಿಂಚಿನ ಗ್ರೈಂಡರ್ ಇರುತ್ತೆ. ಅದಕ್ಕೂ ವಿಭೂತಿ, ಕುಂಕುಮ, ಒಂದು ಚೆಂಡು ಹೂವು. ಗಾರ್ಡ್ ಮಾತ್ರ ಇರೋದಿಲ್ಲ. ತಂದ ಮೊದಲ ವಾರದಲ್ಲೇ "ಅಡ್ಡ ಬರುತ್ತೆ" ಅಂತ ಬಿಚ್ಚಿ ಎಸೆದಿರ್ತಾರೆ. ದೇವರ ಮೇಲೆ ಅಷ್ಟು ನಂಬಿಕೆ!

ನಗು ಬರುತ್ತೆ, ಆದರೆ ನಾನೂ ಈ ಗುಂಪಿನವನೇ. ಮೂರು ವರ್ಷದ ಹಿಂದೆ ಹೊಸದುರ್ಗದ ಹತ್ತಿರ ನಮ್ಮ ಭಾವನ ಹಳೆ ಮಾಳಿಗೆ ಮನೆ ಬಿಚ್ಚುವಾಗ ಜಂತೆ ಕೊಯ್ಯೋಕೆ ಅಂತ ಗ್ರೈಂಡರ್‌ಗೆ ಹಾಕೋ ಹಲ್ಲಿನ ಬ್ಲೇಡು ಬೇಕಾಯ್ತು. ದುರ್ಗದಿಂದ ಕೊಂಡುಕೊಂಡು ಹೋಗಿ ಕೊಟ್ಟವನು ನಾನೇ. ಇನ್ನೂರು ಚಿಲ್ಲರೆ ರೂಪಾಯಿ. ಎರಡು ಜಂತೆ ಬೆಣ್ಣೆ ಕೊಯ್ದಂಗೆ ಕೊಯ್ತು. ಮೂರನೆಯದರೊಳಗೆ ಯಾವ ಕಾಲದ್ದೋ ಒಂದು ಮೊಳೆ ಇತ್ತು. ಮಿಷನ್ನು ಭಾವನ ಬಲಗೈಯಿಂದ ಕಿತ್ತುಕೊಂಡು ಎಡ ಮುಂಗೈ ಮೇಲೆ ಹಾದುಹೋಯ್ತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಹೊಲಿಗೆ ಹಾಕಿದರು, ಗಾಯ ಮಾಯ್ತು. ಇವತ್ತಿಗೂ ಆ ಕೈಯ ಎರಡು ಬೆರಳು ಪೂರ್ತಿ ಮಡಚೋದಿಲ್ಲ. ಅಡಿಕೆ ಸುಲಿಯೋ ಕೈ ಅದು.

ಆಮೇಲೆ ಒಂದು ದಿನ ಆ ಗ್ರೈಂಡರ್ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದು ಓದಿದೆ. ಹಲ್ಲಿರುವ ಗರಗಸದ ಬ್ಲೇಡನ್ನು ಇದಕ್ಕೆ ಹಾಕಬೇಡಿ, ಮಿಷನ್ ಒದೆಯುತ್ತೆ, ಹಿಡಿತ ತಪ್ಪುತ್ತೆ ಅಂತ ಅದರಲ್ಲೇ ಬರೆದಿದೆ. ನಾವು ಓದಿರಲಿಲ್ಲ ಅಷ್ಟೆ.

ಯಾಕೆ ಒದೆಯುತ್ತೆ ಅಂತ ಲೆಕ್ಕ ಹಾಕಿ ನೋಡಿ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. 100 ಮಿಲಿಮೀಟರ್ ಬ್ಲೇಡಿನ ಅಂಚು ಅಂದ್ರೆ ಗಂಟೆಗೆ 200 ಕಿಲೋಮೀಟರ್ ಮೇಲಿನ ವೇಗ. ಆ ವೇಗದಲ್ಲಿ ಒಂದು ಹಲ್ಲು ಮೊಳೆಗೋ ಗಂಟಿಗೋ ಸಿಕ್ಕಿಕೊಂಡರೆ ಅಷ್ಟೂ ಶಕ್ತಿ ನಿಮ್ಮ ಕಡೆಗೇ ತಿರುಗುತ್ತೆ. ಗುಂಡಿ ಬಿಟ್ಟರೂ ಎಷ್ಟೋ ಸೆಕೆಂಡು ತಿರುಗ್ತಾನೇ ಇರುತ್ತೆ. ಅದು ಕಬ್ಬಿಣ ಉಜ್ಜೋಕೆ, ಟೈಲ್ಸ್ ಕೊಯ್ಯೋಕೆ ಹುಟ್ಟಿದ ಯಂತ್ರ. ಮರ ಅದರ ಕೆಲಸವೇ ಅಲ್ಲ.

ಹಾಗಾದ್ರೆ ಏನು ಮಾಡೋದು? ನನ್ನ ಅಭಿಪ್ರಾಯ ಇಷ್ಟೇ. ಮನೆ ರಿಪೇರಿ, ಹಳೆ ಮರ ಬಿಚ್ಚೋದು, ಪೈಪು ಕತ್ತರಿಸೋದು, ಒಣಗಿದ ಕೊಂಬೆ ತೆಗೆಯೋದು ಇಂಥ ಕೆಲಸಗಳಿಗೆ ನಮ್ಮೂರಲ್ಲಿ ಇರಬೇಕಾದದ್ದು ರೆಸಿಪ್ರೊಕೇಟಿಂಗ್ ಗರಗಸ. ಉದ್ದ ಮೂತಿಯ ಮಿಷನ್ನು, ಮುಂದೆ ಒಂದು ನೇರ ಬ್ಲೇಡು, ಅದು ಹಿಂದೆ ಮುಂದೆ ಓಡಾಡುತ್ತೆ. ಕೈಗರಗಸದ ಕೆಲಸವನ್ನೇ ಮೋಟಾರು ಮಾಡುತ್ತೆ ಅಷ್ಟೆ. 1951ರಲ್ಲಿ ಅಮೆರಿಕದ ಮಿಲ್ವಾಕೀ ಕಂಪನಿ 'ಸಾಜಾಲ್' ಅಂತ ಮಾರುಕಟ್ಟೆಗೆ ಬಿಟ್ಟಿತ್ತು. ನಮ್ಮ ಕಡೆ ಇನ್ನೂ ಅಪರೂಪ. ಕನ್ನಡದಲ್ಲಿ ನಾನಂತೂ 'ಜೀಕು ಗರಗಸ' ಅಂತ ಕರೀತೀನಿ. ಇದಕ್ಕಿಂತ ಒಳ್ಳೆ ಪದ ಹೊಳೆದರೆ ಹೇಳಿ :)

ಇದರ ಲೆಕ್ಕವನ್ನೂ ಹಾಕೋಣ. ಸಾಮಾನ್ಯವಾಗಿ ಬ್ಲೇಡು ಒಂದು ಸಲಕ್ಕೆ 28 ಮಿಲಿಮೀಟರ್ ಚಲಿಸುತ್ತೆ, ನಿಮಿಷಕ್ಕೆ ಸುಮಾರು 2,800 ಸಲ ಹೋಗಿ ಬರುತ್ತೆ. ಸರಾಸರಿ ವೇಗ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಕಡಿಮೆ. ಇನ್ನೂರೆಲ್ಲಿ, ಹತ್ತೆಲ್ಲಿ! ಗುಂಡಿ ಬಿಟ್ಟರೆ ಬೇಗ ನಿಲ್ಲುತ್ತೆ. ಮೊಳೆ ಸಿಕ್ಕಿದರೆ ಮೊಳೆಯನ್ನೂ ಕೊಯ್ಯುವ ಬ್ಲೇಡು ಸಿಗುತ್ತೆ. ಹಾಗಂತ ಇದು ಸಾಧು ಪ್ರಾಣಿ ಅಂತ ನಾನು ಹೇಳ್ತಿಲ್ಲ. ಬೆರಳು ಸಿಕ್ಕಿದರೆ ಬೆರಳೂ ಹೋಗುತ್ತೆ. ಆದರೆ ತಪ್ಪು ಮಾಡಿದವನಿಗೆ ಕೈ ಹಿಂದೆ ತಗೊಳ್ಳೋಕೆ ಒಂದು ಅವಕಾಶ ಕೊಡುತ್ತೆ. ಗ್ರೈಂಡರ್ ಕೊಡಲ್ಲ.

ಕೊಳ್ಳುವಾಗ ಎಲ್ಲರೂ ಕೇಳೋ ಮೊದಲ ಪ್ರಶ್ನೆ "ಎಷ್ಟು ವ್ಯಾಟು?" 1,000 ವ್ಯಾಟಿನ ಆಸುಪಾಸು ಇದ್ದರೆ ಮನೆಗೆ ಧಾರಾಳ ಸಾಕು. ವ್ಯಾಟಿಗಿಂತ ಮುಖ್ಯವಾಗಿ ನಾಲ್ಕು ವಿಷಯ ನೋಡಿ. ಗುಂಡಿ ಒತ್ತಿದಷ್ಟು ವೇಗ ಹೆಚ್ಚಾಗಬೇಕು, ಯಾಕಂದ್ರೆ ಕಬ್ಬಿಣಕ್ಕೆ ನಿಧಾನ, ಮರಕ್ಕೆ ಜೋರು. ಬ್ಲೇಡು ಬದಲಿಸೋಕೆ ಸ್ಪ್ಯಾನರ್ ಬೇಡದಂತಿರಬೇಕು. ಬ್ಲೇಡಿನ ಬುಡದಲ್ಲಿರೋ 'ಶೂ' ಅನ್ನೋ ಲೋಹದ ಪಾದ ಗಟ್ಟಿಯಾಗಿರಬೇಕು. ಕೊನೆಯದು ತೂಕ: ಅಂಗಡಿಯಲ್ಲಿ ಎರಡು ನಿಮಿಷ ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು ನಿಂತು ನೋಡಿ. ಮೂರೂವರೆ ಕೆಜಿ ಅನ್ನೋದು ಆಗ ಅರ್ಥವಾಗುತ್ತೆ.

ತೋಟದವರ ಕಷ್ಟ ಬೇರೆ. ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ ಕರೆಂಟು ಪಂಪ್‌ಸೆಟ್ಟಿನ ಹತ್ತಿರ ಮಾತ್ರ, ಅದೂ ಅದು ಬರೋ ಹೊತ್ತಿಗೆ. ಅಲ್ಲಿಂದ ನೂರು ಮೀಟರ್ ತೆಳು ವೈರು ಎಳೆದರೆ ವೋಲ್ಟೇಜ್ ಬಿದ್ದು ಮೋಟಾರು ಬಿಸಿಯಾಗುತ್ತೆ, ಒದ್ದೆ ನೆಲದಲ್ಲಿ ಶಾಕಿನ ಭಯ ಬೇರೆ. ಅವರಿಗೆ 18 ವೋಲ್ಟಿನ ಬ್ಯಾಟರಿ ಮಿಷನ್ನೇ ವಾಸಿ. ಒಂದೇ ಕಂಪನಿಯ ಡ್ರಿಲ್ಲು ಆಗಲೇ ಇದ್ದರೆ ಅದರ ಬ್ಯಾಟರಿ ಇದಕ್ಕೂ ಹೊಂದುತ್ತಾ ಅಂತ ಕೇಳಿ, ದುಡ್ಡು ಉಳಿಯುತ್ತೆ.

ಮಿಷನ್ನಿಗಿಂತ ಬ್ಲೇಡು ಮುಖ್ಯ. ಇಂಚಿಗೆ ಎಷ್ಟು ಹಲ್ಲು ಅನ್ನೋದರ ಮೇಲೆ ಎಲ್ಲ ನಿಂತಿದೆ. ಹಸಿ ಕೊಂಬೆಗೆ 3ರಿಂದ 5 ಹಲ್ಲು. ಮೊಳೆ ಇರಬಹುದಾದ ಹಳೆ ಮರಕ್ಕೆ 6ರಿಂದ 10 ಹಲ್ಲಿನ ಬೈಮೆಟಲ್ ಬ್ಲೇಡು. ನೀರಿನ ಜಿಐ ಪೈಪಿಗೆ 18 ಅಥವಾ 24. ತೆಳು ಕಬ್ಬಿಣಕ್ಕೆ ದೊಡ್ಡ ಹಲ್ಲು ಹಾಕಿದರೆ ಸಿಕ್ಕಿಕೊಂಡು ಹಲ್ಲೇ ಉದುರುತ್ತೆ. ಹಿರಿಯೂರಿನವರಿಗೆ ಒಂದು ಮಾತು. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬೀಳೋದಕ್ಕೆ ಮುಂಚೆ ಬರಗಾಲದಲ್ಲಿ ಅಲ್ಲಿ ಎಷ್ಟೋ ತೆಂಗಿನ ಮರ ಒಣಗಿದವು. ಅವುಗಳ ಬೊಡ್ಡೆ ಹಟ್ಟಿಗೆ, ದನದ ಚಪ್ಪರಕ್ಕೆ ಕಂಬವಾಗಿ ಸೇರಿದೆ. ಅದನ್ನು ಕೊಯ್ಯುವಾಗ ಬ್ಲೇಡು ಬೇಗ ಮೊಂಡಾಗುತ್ತೆ, ತೆಂಗಿನ ಹೊರಮೈ ಅಷ್ಟು ಗಡುಸು. ಎರಡು ಬ್ಲೇಡು ಹೆಚ್ಚಿಗೆ ಇಟ್ಟುಕೊಳ್ಳಿ. ಮೊಂಡು ಬ್ಲೇಡಿಗೆ ಮೈಭಾರ ಹಾಕಿ ಒತ್ತೋದೇ ಅನಾಹುತಕ್ಕೆ ದಾರಿ.

ಇನ್ನು ಬಳಸೋ ರೀತಿ. ಭಾವನ ಕೈ ನೋಡಿದ ಮೇಲೆ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೀತೀನಿ.

ಶೂ ಯಾವಾಗಲೂ ಕೊಯ್ಯೋ ವಸ್ತುವಿಗೆ ಒತ್ತಿಕೊಂಡೇ ಇರಬೇಕು. ಅದು ಬಿಟ್ಟುಹೋದರೆ ಮರ ಅಲ್ಲಾಡುತ್ತೆ, ಇಲ್ಲಾ ನೀವು ಅಲ್ಲಾಡ್ತೀರಿ. ಬ್ಲೇಡಿನ ತುದಿ ಹಿಂದಕ್ಕೆ ಬಂದಾಗಲೂ ಮರದ ಆಚೆ ಇಣುಕುತ್ತಿರಬೇಕು. ಗಿಡ್ಡ ಬ್ಲೇಡಿನ ತುದಿ ಒಳಗೇ ಗುದ್ದಿದರೆ ಮಿಷನ್ ಎದೆಗೆ ಒದೆಯುತ್ತೆ. ಎರಡೂ ಕೈ ಮಿಷನ್ ಮೇಲೆ. ಕೊಯ್ಯೋ ತುಂಡನ್ನು ಎಡಗೈಯಲ್ಲಿ ಹಿಡಿದುಕೊಳ್ಳೋ ಧೈರ್ಯ ಬೇಡ, ಕಟ್ಟಿ ಅಥವಾ ಬಿಗಿದು ಇಡಿ. ಬ್ಲೇಡು ಬದಲಿಸುವಾಗ ಪ್ಲಗ್ಗು ಕೀಳಿ, ಬ್ಯಾಟರಿ ತೆಗೀರಿ. ಬ್ಲೇಡು ಮುಟ್ಟುವ ಮುಂಚೆ ಆರಲಿ, ಕೆಂಡದ ಹಾಗಿರುತ್ತೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಪಂಚೆ, ಹೆಗಲ ಮೇಲಿನ ಟವಲ್ಲು, ಹವಾಯಿ ಚಪ್ಪಲಿ ಮೂರಕ್ಕೂ ಅವತ್ತು ರಜೆ.

ಗೋಡೆ ಕೊಯ್ಯುವ ಮುಂಚೆ ಮೇನ್ ಆಫ್ ಮಾಡ್ತೀವಿ, ಸರಿ. ಮನೇಲಿ ಯುಪಿಎಸ್ ಇದ್ದರೆ? ಮೇನ್ ಆಫ್ ಆದ ತಕ್ಷಣ ಅದು ಸದ್ದಿಲ್ಲದೆ ಅದೇ ವೈರುಗಳಿಗೆ ಕರೆಂಟು ಕೊಡೋಕೆ ಶುರು ಮಾಡುತ್ತೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ.

ಮಾಳಿಗೆ ಮನೆ ಬಿಚ್ಚುವವರಿಗೆ ಇನ್ನೊಂದು ಎಚ್ಚರಿಕೆ. ಮೇಲೆ ಒಂದಡಿ ಮಣ್ಣು ಇದ್ದರೆ ಒಂದು ಚದರ ಮೀಟರಿಗೇ ಹತ್ತತ್ತಿರ 500 ಕೆಜಿ. ಮಣ್ಣು ಪೂರ್ತಿ ಇಳಿಸದೆ, ಕೆಳಗೆ ಊರುಗೋಲು ಕೊಡದೆ ಒಂದು ಜಂತೆಗೂ ಗರಗಸ ಮುಟ್ಟಿಸಬೇಡಿ. ಭಾರ ಹೊತ್ತ ಮರ ಬ್ಲೇಡನ್ನು ಕಚ್ಚಿಕೊಳ್ಳುತ್ತೆ, ಆಮೇಲೆ ಮುರಿಯುತ್ತೆ. ಏಣಿ ಮೇಲೆ ನಿಂತು ಕೊಯ್ಯೋದೂ ಬೇಡ. ಹಳೆ ಸಿಮೆಂಟ್ ಶೀಟಿಗಂತೂ ಯಾವ ಮಿಷನ್ನೂ ಬೇಡ, ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ.

ಜೊತೆಗೆ ಈ ಗರಗಸ ಕೈಯನ್ನು ವಿಪರೀತ ನಡುಗಿಸುತ್ತೆ. ಯೂರೋಪಿನ ನಿಯಮದ ಲೆಕ್ಕದಲ್ಲಿ ಇಂಥ ಜೋರಾಗಿ ನಡುಗೋ ಮಿಷನ್ನಿಗೆ ದಿನದ ಮಿತಿ ಅರ್ಧ ಗಂಟೆಯ ಹತ್ತಿರವೇ ಮುಗಿದುಹೋಗುತ್ತೆ. ಹತ್ತು ನಿಮಿಷ ಕೊಯ್ದರೆ ಒಂದು ಟೀ ಕುಡಿದು ಬನ್ನಿ. ಬೆರಳು ಜೋಮು ಹಿಡಿದರೆ ಅವತ್ತಿಗೆ ಸಾಕು.

"ಅಷ್ಟು ದುಡ್ಡು ಯಾರು ಹಾಕ್ತಾರೆ?" ಅಂತ ಭಾವನೇ ಕೇಳಿದ. ನ್ಯಾಯವಾದ ಪ್ರಶ್ನೆ. ಗ್ರೈಂಡರ್ ಬೆಲೆಯ ಮೂರ್ನಾಲ್ಕು ಪಟ್ಟು ಕೊಟ್ಟು ತಂದದ್ದು ವರ್ಷಕ್ಕೆ ನಾಲ್ಕು ದಿನ ಕೆಲಸಕ್ಕೆ ಬರುತ್ತೆ. ಅದಕ್ಕೇ ನಾನು ಹೇಳೋದು, ಒಬ್ಬೊಬ್ಬರೇ ಕೊಳ್ಳಬೇಡಿ. ಸೆಂಟ್ರಿಂಗ್ ಶೀಟು, ಶಾಮಿಯಾನ, ಅಡುಗೆ ಪಾತ್ರೆ ಎಲ್ಲ ಬಾಡಿಗೆಗೆ ಸಿಗೋ ಊರುಗಳಲ್ಲಿ ಇದೂ ಯಾಕೆ ಸಿಗಬಾರದು? ನಾಲ್ಕು ಮನೆಯವರು ಸೇರಿ ಒಂದು ತಂದರೆ ಇನ್ನೂ ಒಳ್ಳೇದು, ಬ್ಲೇಡು ಮಾತ್ರ ಅವರವರದು. ಅದೂ ಆಗಲಿಲ್ಲವೇ? ನಮ್ಮ ತಾತನ ಕೈಗರಗಸ ಅಟ್ಟದ ಮೇಲೆ ಇದ್ದೇ ಇದೆ. ಅರ ಹಾಕಿಸಿ ಇಳಿಸಿ. ಜಂತೆಗೆ ಹತ್ತು ನಿಮಿಷ ಜಾಸ್ತಿ ಆಗುತ್ತೆ, ಆಗಲಿ ಬಿಡಿ.

ನಾನು ಕೇಳೋದು ಒಂದೇ. ಗ್ರೈಂಡರ್‌ಗೆ ಹಲ್ಲಿನ ಬ್ಲೇಡು ಹಾಕಬೇಡಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ಇವತ್ತೇ ಬಿಚ್ಚಿ, ಬಿಸಾಡಿದ್ದ ಗಾರ್ಡನ್ನು ಹುಡುಕಿ ಮತ್ತೆ ಹಾಕಿ. ಭಾವನ ಮನೆಯಲ್ಲಿ ಕಳೆದ ಆಯುಧಪೂಜೆಗೆ ಗ್ರೈಂಡರ್ ಗಾರ್ಡ್ ಸಮೇತ ಕೂತಿತ್ತು. ಪಕ್ಕದಲ್ಲಿ ನಾವು ಮೂರು ಮನೆಯವರು ಸೇರಿ ತಂದ ಜೀಕು ಗರಗಸ. ಕುಂಕುಮ ಹಚ್ಚಿದ್ದು ಭಾವನೇ, ಎಡಗೈಯಲ್ಲಿ.

ನಿಮ್ಮೂರಲ್ಲಿ ಇಂಥ ಮಿಷನ್ನು ಬಾಡಿಗೆಗೆ ಸಿಗುತ್ತಾ? ಸಿಗೋದಾದ್ರೆ ಹೇಗೆ ನಡೆಸ್ತಾರೆ ಅಂತ ಬರೀರಿ, ಇಲ್ಲಿನವರಿಗೆ ತೋರಿಸ್ತೀನಿ.