ಕ್ಯಾಂಪರ್ ವ್ಯಾನಿಗೆ ಮೊದಲು ನಿಲ್ಲುವ ಜಾಗ ಬೇಕು

ಟೆಂಪೊ ಟ್ರಾವೆಲರ್, ಟಾಟಾ ವಿಂಗರ್‌ನಂಥ ಗಾಡಿಯೊಳಗೆ ಇಬ್ಬರು ಮಲಗುವ ಹಾಸಿಗೆ, ಒಂದು ಒಲೆ, ನೀರಿನ ಟ್ಯಾಂಕು, ಮೂಲೆಯಲ್ಲೊಂದು ಪುಟ್ಟ ಶೌಚಾಲಯ ಹೊಂದಿಸಿಕೊಂಡ ಕ್ಯಾಂಪರ್ ವ್ಯಾನುಗಳು ಕರಾವಳಿಯ ಹೆದ್ದಾರಿಯಲ್ಲಿ ಈಗ ಆಗೀಗ ಕಣ್ಣಿಗೆ ಬೀಳುತ್ತವೆ. ಕೈಗಾ ಅಣುಸ್ಥಾವರ, ಕದ್ರಾ ಅಣೆಕಟ್ಟು, ಸೀಬರ್ಡ್ ನೌಕಾನೆಲೆಯಂಥ ಕಡೆ ದುಡಿದು ನಿವೃತ್ತರಾಗುವವರಿಗೆ, ಮಕ್ಕಳು ದೂರದ ಊರು ಸೇರಿದ ದಂಪತಿಗೆ ಇಂಥದೊಂದು ಸಣ್ಣ ಗಾಡಿ ಸ್ವಂತಕ್ಕಿರಲಿ ಎಂಬ ಆಸೆ ಹುಟ್ಟುವುದು ಸಹಜ. ಆಸೆಯಲ್ಲಿ ತಪ್ಪೂ ಇಲ್ಲ. ಆದರೆ ಕೊಳ್ಳುವವರ ಲೆಕ್ಕವೆಲ್ಲ ಓಟದ ಸುತ್ತಲೇ ತಿರುಗುತ್ತದೆ: ಲೀಟರಿಗೆ ಎಷ್ಟು ಕಿಲೊಮೀಟರ್ ಕೊಡುತ್ತದೆ, ಘಟ್ಟ ಹತ್ತುತ್ತದೆಯೇ, ಇಕ್ಕಟ್ಟಿನ ತಿರುವಿನಲ್ಲಿ ಒಗ್ಗುತ್ತದೆಯೇ. ಕಾರವಾರ–ಅಂಕೋಲಾ ಸೀಮೆಯಲ್ಲಿ ಈ ಗಾಡಿಯ ಆಯುಷ್ಯ, ಅದರ ಖರ್ಚು, ಒಳಗೆ ಮಲಗಿದವರ ಸುರಕ್ಷೆ ಮೂರನ್ನೂ ತೀರ್ಮಾನಿಸುವುದು ಅದು ನಿಲ್ಲುವ ಜಾಗ ಎಂಬುದು ನನ್ನ ವಾದ. ಎಷ್ಟೇ ಹುಮ್ಮಸ್ಸಿನ ಕುಟುಂಬವಾದರೂ ವರ್ಷದ ಬಹುಪಾಲು ದಿನ ಗಾಡಿ ನಿಂತೇ ಇರುತ್ತದೆ. ಪ್ರವಾಸ ಹೊರಟ ದಿನವೂ ಇಪ್ಪತ್ನಾಲ್ಕು ತಾಸಿನಲ್ಲಿ ಅದು ಓಡುವುದು ಐದಾರು ತಾಸು ಮಾತ್ರ. ಆದ್ದರಿಂದ ಜಾಗದ ಏರ್ಪಾಡು ಮೊದಲಾಗಬೇಕು, ಮನೆಯವರಿಂದಲೂ ಸರ್ಕಾರದಿಂದಲೂ.

ಕದ್ರಾವನ್ನೇ ನೋಡೋಣ. ಕಾರವಾರದಿಂದ ಕಾಳಿ ನದಿಯ ದಂಡೆ ಹಿಡಿದು ಒಳಗೆ ಹೋದರೆ ಸಿಗುವ ಈ ಊರಿನ ಸುತ್ತ ಕಾಡು, ಮಗ್ಗುಲಿಗೆ ಅಣೆಕಟ್ಟಿನ ಹಿನ್ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬೀಳುತ್ತದೆ. ಘಟ್ಟದ ಬುಡಕ್ಕೆ ಸರಿದಂತೆ ಅದರ ಜೋರು ಇನ್ನೂ ಹೆಚ್ಚು. ಕ್ಯಾಂಪರ್ ವ್ಯಾನಿನ ಮಾಡು ಮಾಮೂಲಿ ವ್ಯಾನಿನದರಂತೆ ಇಡಿಯಾದ ತಗಡಾಗಿ ಉಳಿದಿರುವುದಿಲ್ಲ. ಫ್ಯಾನಿಗೆಂದು ಒಂದು ಕಿಂಡಿ ಕೊರೆದಿರುತ್ತಾರೆ, ಸೋಲಾರ್ ಪ್ಯಾನೆಲ್ಲಿನ ಕಾಲುಗಳಿಗೆ ಸ್ಕ್ರೂ ಹೊಡೆದಿರುತ್ತಾರೆ, ಮೇಲೆ ಎ.ಸಿ. ಕೂರಿಸಿದ್ದರೆ ಅದಕ್ಕೊಂದು ದೊಡ್ಡ ಚೌಕ ಬೇರೆ. ಪ್ರತಿ ತೂತಿನ ಸುತ್ತ ಬಳಿದ ಸೀಲಂಟು ಏಪ್ರಿಲ್–ಮೇ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕಾದರೂ ಸಾಕು. ನೀರು ಒಳಗೆ ತೊಟ್ಟಿಕ್ಕಿದರೆ ಗೊತ್ತಾದರೂ ಆಗುತ್ತಿತ್ತು. ಅದು ತಗಡಿಗೂ ಪ್ಲೈವುಡ್ಡಿಗೂ ನಡುವೆ ಇಳಿದು, ಸೆಖೆ ತಡೆಯಲೆಂದು ಹಾಕಿದ ಪದರದಲ್ಲಿ ಹೋಗಿ ಕೂರುತ್ತದೆ. ಮೊದಲು ಮುಗ್ಗಲು ವಾಸನೆ, ಆಮೇಲೆ ಹಾಸಿಗೆಯ ಅಡಿಗೆ ಬೂಷ್ಟು, ಕೊನೆಗೆ ಪ್ಲೈ ಉಬ್ಬಿ ಕಪಾಟಿನ ಬಾಗಿಲು ಹಾಕಲು ಬಾರದಂತಾಗುತ್ತದೆ. ಗಾಡಿಯ ಅಡಿಭಾಗದ ಕಥೆಯೂ ಇಷ್ಟೇ. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ಕೆಲಸಕ್ಕೆ ಬಾರದಾಗುತ್ತದೆ. ಸಮುದ್ರದ ಅಂಚಿನಲ್ಲಿ ನಿಲ್ಲಿಸಿ ಬಂದ ಗಾಡಿಯ ಅಡಿಯನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ತನ್ನ ಕೆಲಸ ಮಾಡುತ್ತದೆ. ಟೈರು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುವುದು ತಪ್ಪುವುದಿಲ್ಲ. ಕಡಿಮೆ ಓಡುವ ಗಾಡಿಯವರು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ನೋಡಬೇಕು: ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಇಷ್ಟೆಲ್ಲ ಹಾಳಾಗುವುದು ಒಂದು ಕಿಲೊಮೀಟರೂ ಓಡದೆ.

ನಿಂತ ವಾಹನವನ್ನು ಕಾಪಾಡುವುದು ಹೇಗೆಂದು ತಿಳಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೈತಖೋಲ್ ಬಂದರಿನ ಬೋಟಿನವರು ಆ ದಿನಗಳನ್ನು ರಜೆ ಎಂದು ಕಳೆಯುವುದಿಲ್ಲ. ಎಂಜಿನ್ ಬಿಚ್ಚಿಸುತ್ತಾರೆ, ಸಂದುಗಳನ್ನು ನೋಡಿಸುತ್ತಾರೆ, ಬಣ್ಣ ಬಳಿಸುತ್ತಾರೆ, ಬಲೆ ಹೊಲಿಸುತ್ತಾರೆ. ನಿಲ್ಲಿಸಿದ ಕಾಲಕ್ಕೂ ಖರ್ಚು ಇದೆ ಎಂಬುದು ಅವರ ವರ್ಷದ ಲೆಕ್ಕದಲ್ಲಿ ಮೊದಲೇ ಸೇರಿರುತ್ತದೆ. ಕ್ಯಾಂಪರ್ ವ್ಯಾನ್ ಕೊಂಡವರು ಟಾರ್ಪಾಲು ಬಿಗಿದು ಕಟ್ಟಿ ಮಳೆಗಾಲ ಮುಗಿಯಲೆಂದು ಕಾದರೆ, ಆ ಟಾರ್ಪಾಲೇ ತೇವವನ್ನು ಒಳಗೆ ಹಿಡಿದಿಡುತ್ತದೆ. ಬೇಕಾದ್ದು ಮೇಲೆ ಶೀಟು ಹೊದಿಸಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಟ್ಟು, ಇರಚಲು ಹೊಡೆಯುವ ಕಡೆಗಷ್ಟೇ ತಟ್ಟಿ ಕಟ್ಟಿದ ಮಾಡು. ಮೃಗಶಿರ ಮಳೆ ಹಿಡಿಯುವ ಮೊದಲು ಏಣಿ ಹಾಕಿ ಗಾಡಿಯ ಮಾಡು ಹತ್ತಿ ಸೀಲಂಟು ಬೆರಳಿನಿಂದ ಒತ್ತಿ ನೋಡಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಹೊಳವಾದಾಗಲೆಲ್ಲ ಬಾಗಿಲು, ಕಪಾಟು ತೆರೆದಿಡಬೇಕು. ಬ್ಯಾಟರಿ ಪೂರ್ತಿ ಇಳಿಯದಂತೆ ಆಗಾಗ ಚಾರ್ಜಿಗೆ ಹಾಕಬೇಕು, ಇಲಿ ವೈರು ಕಡಿದಿದೆಯೇ ನೋಡಬೇಕು. ಮನೆಯ ಪಕ್ಕ ಇಂಥ ಮಾಡಿಗೆ ಜಾಗ ಇಲ್ಲದವರು, ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಡುವವರು ಕೊಳ್ಳುವ ಯೋಚನೆ ಬಿಟ್ಟು ಬಾಡಿಗೆಗೆ ಪಡೆಯುವುದೇ ಸರಿ. ಕೊಂಡ ಬೆಲೆಯನ್ನು ಸಾಲವೆಂದು ಕಂತಿನಲ್ಲಿ ತೀರಿಸಬಹುದು. ಕೊಳೆತ ಪ್ಲೈವುಡ್ಡಿಗೆ ಕಂತಿಲ್ಲ.

ಪ್ರವಾಸದ ರಾತ್ರಿಗೂ ಜಾಗ ಬೇಕೇ ಬೇಕು ಎನ್ನುವುದಕ್ಕೆ ಕಾರಣ ಬ್ಯಾಟರಿಯ ಲೆಕ್ಕದಲ್ಲೇ ಇದೆ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಹಾಕುವ 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,200 ವಾಟ್-ಅವರ್. ಅದು ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ. ಅಂದರೆ ಕೈಗೆ ಸಿಗುವುದು 600. ದೀಪ, ಫ್ಯಾನು, ಮೊಬೈಲಿಗೆ ಅದು ಧಾರಾಳ. ಆದರೆ ಮೇ ತಿಂಗಳ ಅಂಕೋಲೆಯ ಸೆಖೆಯಲ್ಲಿ ಸಾವಿರ ವಾಟಿನ ಎ.ಸಿ. ಹಾಕಿದರೆ ಮುಕ್ಕಾಲು ತಾಸೂ ಬಾಳುವುದಿಲ್ಲ. ದುಬಾರಿಯ ಲಿಥಿಯಂ ಬ್ಯಾಟರಿ ಎರಡು ಪಟ್ಟು ದೊಡ್ಡದನ್ನೇ ಕೂರಿಸಿದರೂ ಎರಡೂವರೆ ತಾಸಿನ ಆಚೆ ದಾಟದು. ಮಳೆಗಾಲದ ಮೋಡದಡಿ ಸೋಲಾರನ್ನು ನಂಬುವ ಹಾಗಿಲ್ಲ. ಸಣ್ಣ ಗಾಡಿಯ ನೀರಿನ ಟ್ಯಾಂಕೂ ದೊಡ್ಡದಿರುವುದಿಲ್ಲ, ಶೌಚದ ಡಬ್ಬಿ ಇಬ್ಬರ ಎರಡು ಮೂರು ದಿನಕ್ಕೆ ತುಂಬುತ್ತದೆ. ಆ ಡಬ್ಬಿಯನ್ನು ಎಲ್ಲಿ ಖಾಲಿ ಮಾಡಬೇಕು ಎಂದು ಕೇಳಿದರೆ ಕಾರವಾರದಿಂದ ಭಟ್ಕಳದವರೆಗೆ ಇದಕ್ಕೆಂದೇ ಮಾಡಿದ ಜಾಗ ತೋರಿಸುವುದು ಕಷ್ಟ. ಒಬ್ಬರು ಹೊಳೆಯ ಪಕ್ಕ ಸುರಿದು ಹೋದರೆ ಅದು ಕೆಳಗಿನವರ ಬಾವಿಯ ಪ್ರಶ್ನೆಯಾಗುತ್ತದೆ.

ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುವುದೇ ಈ ಗಾಡಿಯ ಸುಖ, ಅದಕ್ಕೂ ಕಟ್ಟುಪಾಡು ಹಾಕಿದರೆ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಬಯಲುಸೀಮೆಯಲ್ಲಿ ಆ ಮಾತಿಗೆ ಬೆಲೆ ಕೊಡಬಹುದು. ಇಲ್ಲಿ ಆಗುವುದಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು, ರಸ್ತೆಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಕೇರಳದ ಚಾಲಕರೊಬ್ಬರ ಲಾರಿಯನ್ನು ನದಿಯಿಂದ ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಅಲ್ಲಿ ನಿಂತವರು ಯಾರೂ ದುಸ್ಸಾಹಸ ಮಾಡಿರಲಿಲ್ಲ. ದಣಿದವರು ಎಲ್ಲರೂ ನಿಲ್ಲುವ ಕಡೆ ನಿಂತಿದ್ದರು. ಗುಡ್ಡದ ಬುಡ ಬೇಡವೆಂದು ಹೊಳೆಯ ದಂಡೆಗೆ ಹೋದರೆ ಅದರ ಅಪಾಯ ಬೇರೆ. ಸೂಪಾದಿಂದ ಆರಂಭವಾಗುವ ಕಾಳಿಯ ಅಣೆಕಟ್ಟುಗಳ ಸಾಲಿನಲ್ಲಿ ಕದ್ರಾ ಕಟ್ಟಕಡೆಯದು. ಮೇಲಿನ ಕೊಡಸಳ್ಳಿಯಿಂದ ಬಿಟ್ಟ ನೀರೂ ಇಲ್ಲಿಗೇ ಬರುತ್ತದೆ. ಒಳಹರಿವು ಹೆಚ್ಚಿದಾಗ ಗೇಟು ತೆರೆಯದೆ ಬೇರೆ ದಾರಿ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ, ಅಣೆಕಟ್ಟಿನ ಕೆಳಗಿನ ಹಳ್ಳಿಗಳ ಮನೆಗಳಿಗೇ ನೀರು ನುಗ್ಗಿತು. ಊರಿನವರಿಗೆ ಎಚ್ಚರಿಕೆಯ ಅರ್ಥ ಗೊತ್ತು, ಎತ್ತರದ ದಾರಿ ಗೊತ್ತು. ರಾತ್ರಿ ಬಂದು ದಂಡೆಯಲ್ಲಿ ಪರದೆ ಎಳೆದು ಮಲಗಿದ ಹೊರಗಿನವರಿಗೆ ಎರಡೂ ಗೊತ್ತಿರುವುದಿಲ್ಲ. ಇನ್ನು ಕಾಡಿನೊಳಗೆ ಹೊಕ್ಕರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅನುಮತಿಯಿಲ್ಲದೆ ತಂಗುವ ಮಾತೇ ಇಲ್ಲ.

ಉಳ್ಳವರ ಶೋಕಿಗೆ ಸಾರ್ವಜನಿಕರ ಹಣ ಏಕೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಕ್ಯಾಂಪರ್ ವ್ಯಾನಿಗೆಂದೇ ಹೊಳೆಯುವ ಉದ್ಯಾನ ಕಟ್ಟಲು ಹೊರಟರೆ ನಾನೂ ಆ ಆಕ್ಷೇಪದ ಕಡೆಗೇ ನಿಲ್ಲುತ್ತೇನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರ ಹೊತ್ತಿಗೇ ಕ್ಯಾರವಾನ್‌ಗಳಿಗೂ ಅವು ತಂಗುವ ಪಾರ್ಕುಗಳಿಗೂ ಸೇರಿಸಿ ಒಂದೇ ನೀತಿ ಮಾಡಿತ್ತು. ಕೇರಳ 2021ರಲ್ಲಿ ಇದನ್ನೇ ದೊಡ್ಡದಾಗಿ ಕೈಗೆತ್ತಿಕೊಂಡಿತು, ಆಮೇಲೆ ವಾಗಮಣ್‌ನಲ್ಲಿ ಅಲ್ಲಿನ ಮೊದಲ ಪಾರ್ಕು ತೆರೆಯಿತು. ಗಾಡಿ ಮತ್ತು ಜಾಗ ಒಟ್ಟಿಗೇ ಬರಬೇಕು ಎಂಬ ಅವರ ತಿಳಿವಳಿಕೆ ಸರಿಯಾದದ್ದು. ಆದರೆ ಪ್ರವಾಸಿಯೊಬ್ಬನನ್ನೇ ಎದುರಿಗಿಟ್ಟುಕೊಂಡದ್ದು ಸಾಲದು. ಹೆದ್ದಾರಿ 66ರಲ್ಲೂ ಅಂಕೋಲೆಯಿಂದ ಹುಬ್ಬಳ್ಳಿಗೆ ಹತ್ತುವ ದಾರಿಯಲ್ಲೂ ಹಗಲಿರುಳು ಹೋಗುವ ಲಾರಿಗಳ ಚಾಲಕರಿಗೂ ಬೇಕಾದದ್ದು ಇದೇ: ಗುಡ್ಡದಿಂದ ದೂರದ ಸಮತಟ್ಟಾದ ನೆಲ, ದೀಪ, ನೀರು, ಬಾಗಿಲು ಭದ್ರವಿರುವ ಶೌಚಾಲಯ, ಕಸ ಹಾಕುವ ಜಾಗ. ಲಾರಿಯವರಿಗಾಗಿ ಅಂಥ ತಂಗುದಾಣ ಮಾಡಿ, ಅದರ ಒಂದು ಪಕ್ಕದಲ್ಲಿ ನಾಲ್ಕು ಗಾಡಿಗೆ ಪ್ಲಗ್ಗು ಕೊಟ್ಟು, ಶೌಚದ ಡಬ್ಬಿ ಖಾಲಿ ಮಾಡುವ ಗುಂಡಿ ಕಟ್ಟಿ, ಪ್ರವಾಸಿಗಳಿಂದ ರಾತ್ರಿಗಿಷ್ಟು ಎಂದು ಬಾಡಿಗೆ ವಸೂಲು ಮಾಡಿದರೆ ಯಾರ ಹಣ ಯಾರಿಗೆ ಎಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಬಾಡಿಗೆ ಕೊಡಬಲ್ಲವರು ಕೊಡುತ್ತಾರೆ, ದುಡಿಯುವವರಿಗೆ ಸುರಕ್ಷಿತವಾಗಿ ಕಣ್ಣು ಮುಚ್ಚಲು ಜಾಗ ಸಿಗುತ್ತದೆ.

ಈ ಜಿಲ್ಲೆಯವರು ಎತ್ತುವ ಇನ್ನೊಂದು ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಳಿಯ ಅಣೆಕಟ್ಟುಗಳಿಗೆ ಜಾಗ ಹೋಯಿತು, ಕೈಗಾಕ್ಕೆ ಹೋಯಿತು, ಕೊಂಕಣ ರೈಲ್ವೆಗೆ, ಸೀಬರ್ಡ್‌ಗೆ, ಹೆದ್ದಾರಿ ಅಗಲೀಕರಣಕ್ಕೆ ಹೋಯಿತು. ಮತ್ತೆ ಯಾರದೋ ವಿಹಾರಕ್ಕೆ ಇನ್ನಷ್ಟು ಜಾಗವೇ? ಇದಕ್ಕೆ ಒಂದೇ ಪ್ರಾಮಾಣಿಕ ಉತ್ತರ: ಒಂದು ಗುಂಟೆಯನ್ನೂ ಹೊಸದಾಗಿ ವಶಪಡಿಸಿಕೊಳ್ಳಬಾರದು, ಒಂದು ಮರವನ್ನೂ ಕಡಿಯಬಾರದು. ಕದ್ರಾದಲ್ಲಿ 150 ಮೆಗಾವಾಟ್ ವಿದ್ಯುದಾಗಾರ ಕಟ್ಟುವಾಗ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಕಾಲನಿಗೆಂದು ರಸ್ತೆ, ನೀರು, ವಿದ್ಯುತ್ತು ಎಲ್ಲವೂ ಬಂದಿವೆ. ಅಂಥ ಯೋಜನಾ ಜಾಗದಲ್ಲಿ ನೆರೆ ಮುಟ್ಟದ ಎತ್ತರದ ಒಂದು ತುಂಡು ಇಂಥ ಕೆಲಸಕ್ಕೆ ಸಾಕು. ನೆಲ ಕಳೆದುಕೊಂಡ ಕುಟುಂಬಗಳ ಮಹಿಳಾ ಸ್ವಸಹಾಯ ಸಂಘಗಳಿಗೇ ಅದರ ಉಸ್ತುವಾರಿ, ಅದರ ಬಾಡಿಗೆ, ಅಲ್ಲೊಂದು ಊಟದ ಮನೆ ಸಿಗಬೇಕು. ಮೇ ತಿಂಗಳಲ್ಲಿ ಅಂಕೋಲೆಯ ರಸ್ತೆಬದಿಯಲ್ಲಿ ಕರಿ ಇಷಾಡ ಮಾವಿನ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಹೆಂಗಸರಿಗೆ ಬಿಸಿಲು, ಧೂಳು, ಲಾರಿಯ ಭಯವಿಲ್ಲದ ನೆರಳಿನ ಕಟ್ಟೆಯೂ ಅಂಥ ತಂಗುದಾಣದಲ್ಲೇ ಆಗಬಹುದು. ಹೋಂಸ್ಟೇಗಳಿಗೆ ಇದರಿಂದ ಹೊಡೆತ ಬೀಳುತ್ತದೆ ಎಂಬ ಅಳುಕೂ ಬೇಡ. ಅಂಗಳದಲ್ಲಿ ಒಂದು ಗಾಡಿಗೆ ಜಾಗ, 15 ಆಂಪಿಯರಿನ ಪ್ಲಗ್ಗು, ಬಚ್ಚಲುಮನೆ, ಮನೆಯೂಟ ಕೊಡಬಲ್ಲ ತೋಟದವರಿಗೆ ಹೊಸ ಕೋಣೆ ಕಟ್ಟದೆಯೇ ಆದಾಯ ಬರುತ್ತದೆ.

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಕಾಗದಪತ್ರದ ವಿಷಯದಲ್ಲಿ ಅವಸರ ಮಾಡಬಾರದು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರದ 2004ರ ಅಧಿಸೂಚನೆ ಬಾಡಿಗೆ ವಾಹನಗಳಿಂದ ಬೇರೆಯಾಗಿಯೇ ಇಟ್ಟಿದೆ. ಹಾಗೆಂದು ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಗ್ಯಾರೇಜಿನಲ್ಲಿ ಮನಸ್ಸಿಗೆ ಬಂದಂತೆ ಕತ್ತರಿಸಿ ಓಡಿಸುವಂತಿಲ್ಲ. ತಯಾರಕರು ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆರ್‌ಟಿಒ ಕಚೇರಿಯ ಒಪ್ಪಿಗೆ ಆರ್‌ಸಿಯಲ್ಲಿ ನಮೂದಾಗದ ಗಾಡಿಗೆ ಅಪಘಾತವಾದರೆ ವಿಮೆಯ ಹಣವೂ ಕೈಗೆ ಸಿಗದೆ ಹೋಗಬಹುದು.

ಜಿಲ್ಲಾಡಳಿತ, ಕೆಪಿಸಿ, ಹೆದ್ದಾರಿ ಪ್ರಾಧಿಕಾರ ಒಟ್ಟಿಗೆ ಕೂತರೆ ಕದ್ರಾದಲ್ಲೊಂದು, ಅಂಕೋಲೆಯ ಹತ್ತಿರ ಒಂದು, ಕಾರವಾರದ ಅಂಚಿಗೊಂದು, ಹೀಗೆ ಮೂರರಿಂದ ಆರಂಭಿಸಬಹುದು. ಜಾಗ ಆರಿಸುವ ಮೊದಲು ಭೂವಿಜ್ಞಾನಿಗಳು ಗುಡ್ಡವನ್ನೂ, ನೀರಾವರಿ ಎಂಜಿನಿಯರುಗಳು 2019ರ ನೆರೆಯ ಗುರುತನ್ನೂ ನೋಡಿ ಬರೆದುಕೊಡಬೇಕು. ಪ್ರವಾಸಿಗಳು ಬಾರದ ಮಳೆಗಾಲದ ನಾಲ್ಕು ತಿಂಗಳು ಅದೇ ತಂಗುದಾಣದ ಮಾಡಿನಡಿ, ಮನೆಯಲ್ಲಿ ಜಾಗವಿಲ್ಲದ ಸ್ಥಳೀಯರ ಗಾಡಿಗಳನ್ನು ತಿಂಗಳ ಬಾಡಿಗೆಗೆ ನಿಲ್ಲಿಸಿಕೊಂಡು, ಬ್ಯಾಟರಿ ಚಾರ್ಜು ಮಾಡಿ, ಹೊಳವಾದಾಗ ಬಾಗಿಲು ತೆರೆದಿಡುವ ಕೆಲಸವನ್ನು ಊರಿನ ಇಬ್ಬರು ಐಟಿಐ ಕಲಿತ ಹುಡುಗರಿಗೆ ವಹಿಸಬಹುದು.