ರಕ್ತ ಹೀರುವವನನ್ನು ಚೆಂದ ಮಾಡಬೇಡಿ



ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮಾವನ ಮನೆಗೆ ಹೋಗಿದ್ದೆ. ಅಲ್ಲಿ ಟಿ.ವಿ.ಯಲ್ಲಿ ಒಂದು ಸಿನಿಮಾ ನೋಡಿದೆ. ಅದರಲ್ಲಿ ರಕ್ತ ಕುಡಿಯುವ ಪಿಶಾಚಿ ಹೀರೋ ಥರ ಚೆಂದ ಇದ್ದ. ಹುಡುಗಿ ಅವನನ್ನೇ ಪ್ರೀತಿಸುತ್ತಾಳೆ! ನನಗೆ ಅದು ಸರಿ ಅನ್ನಿಸಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಮೇಷ್ಟ್ರನ್ನು ಕೇಳಿದೆ. ಅವರು ಡ್ರಾಕುಲಾ ಕಥೆ ಹೇಳಿದರು. ಅದನ್ನು ಬರೆದವರು ಐರ್ಲೆಂಡಿನ ಬ್ರಾಮ್ ಸ್ಟೋಕರ್, 1897ರಲ್ಲಿ. ಅದರಲ್ಲಿ ಡ್ರಾಕುಲಾ ಮೊದಲು ಮುದುಕ. ಬಾಯಿ ನಾರುತ್ತದೆ, ಅಂಗೈಯಲ್ಲಿ ಕೂದಲು. ಒಂದು ಮಗುವನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾನೆ. ಅದರ ತಾಯಿ ಕೋಟೆ ಬಾಗಿಲಿಗೆ ಬಂದು ಎದೆ ಬಡಿದುಕೊಂಡು ಅಳುತ್ತಾಳೆ. ಅವನು ಅವಳ ಮೇಲೆ ತೋಳಗಳನ್ನು ಬಿಡುತ್ತಾನೆ. ಆಮೇಲೆ ವಕೀಲರ ಕೈಲಿ ಪತ್ರ ಮಾಡಿಸಿ ಲಂಡನ್ನಿನಲ್ಲಿ ಮನೆ ಕೊಳ್ಳುತ್ತಾನೆ. ಅವನನ್ನು ಹಿಡಿಯುವವರು ಡೈರಿ, ಕಾಗದ, ರೈಲಿನ ವೇಳೆ ಎಲ್ಲ ಜೋಡಿಸಿ ಹುಡುಕುತ್ತಾರೆ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಥರಾನೇ!

ಆಗ ನನಗೆ ರಸೆಲ್ ಮಾರುಕಟ್ಟೆ ನೆನಪಾಯಿತು. ಶಿವಾಜಿನಗರದ ಆ ಮಾರುಕಟ್ಟೆ 1927ರಷ್ಟು ಹಳೆಯದು. ಅದರ ಹೊರಗೆ ನಮ್ಮ ಮಾವ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಾರೆ. ದಿನಾ ಬೆಳಿಗ್ಗೆ ಒಬ್ಬ ಬೈಕಿನಲ್ಲಿ ಬಂದು 900 ರೂಪಾಯಿ ಕೊಡುತ್ತಾನೆ. ಸಂಜೆ 1000 ವಸೂಲಿ. ಬಿಳಿ ಷರಟು, ಸೆಂಟಿನ ವಾಸನೆ. "ಏನಣ್ಣಾ, ಚೆನ್ನಾಗಿದೀರಾ?" ಅಂತ ನಗ್ತಾನೆ. ನನಗೂ ಚಾಕಲೇಟು ಕೊಟ್ಟ. ನಾನೂ ತಿಂದೆ. ಒಂದು ದಿನ ಮಳೆ ಬಂದು ವ್ಯಾಪಾರ ಆಗಲಿಲ್ಲ. ಆವತ್ತು ನಗುನಗುತ್ತಲೇ ಮಾವನ ತಕ್ಕಡಿ ಎತ್ತಿಕೊಂಡು ಹೋದ. "ನಮ್ಮ ರಕ್ತ ಹೀರ್ತಾನೆ ಕಣಪ್ಪಾ" ಅಂತ ಅತ್ತೆ ಅತ್ತರು. ಹೀಗೆ ವಿಪರೀತ ಬಡ್ಡಿ ತಗೊಳ್ಳೋದು ಅಪರಾಧ, 2004ರಲ್ಲೇ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ ಅಂತ ಮೇಷ್ಟ್ರು ಹೇಳಿದರು.

ನನ್ನ ಗೆಳೆಯ ಕೇಳಿದ, "ಅವನೂ ಚೆಂದ ಇದ್ದನಲ್ಲೋ, ಹಾಗಾದ್ರೆ ಸಿನಿಮಾ ಸರೀನೇ ಅಲ್ವಾ?" ನಾನು ಎರಡು ದಿನ ಯೋಚನೆ ಮಾಡಿದೆ. ಚೆಂದ ಇರಲಿ, ತಪ್ಪಿಲ್ಲ. ಆದರೆ ಯಾರ ರಕ್ತ ಹೋಯಿತೋ ಅವರನ್ನೂ ತೋರಿಸಬೇಕು. ಪುಸ್ತಕದಲ್ಲಿ ಮಗು ಕಳಕೊಂಡ ತಾಯಿ ಇದ್ದಾಳೆ. ನಾನು ನೋಡಿದ ಸಿನಿಮಾದಲ್ಲಿ ಅಂಥ ತಾಯಿಯೇ ಇಲ್ಲ. ಅದಕ್ಕೇ ನಮಗೆ ಪಿಶಾಚಿಯ ಮೇಲೆ ಪ್ರೀತಿ ಬರುತ್ತದೆ.

ಇಂಥ ಕ್ರೂರ ಕಥೆ ಮಕ್ಕಳಿಗೆ ಬೇಡ, ಹೆದರಿಕೊಳ್ಳುತ್ತಾರೆ ಅಂತ ದೊಡ್ಡವರು ಹೇಳುತ್ತಾರೆ. ಹೆದರಿಕೆ ಆಗಲಿ ಬಿಡಿ. ಹೆದರಿಕೆ ಇದ್ದಿದ್ದರೆ ನಾನು ಆ ಚಾಕಲೇಟು ತಿನ್ನುತ್ತಿರಲಿಲ್ಲ.

ಇದು ನನ್ನ ಅಭಿಪ್ರಾಯ. ನಿಮ್ಮದನ್ನೂ ಬರೆದು ಇಲ್ಲೇ ಪಕ್ಕದಲ್ಲಿ ಅಂಟಿಸಿ.

— 7ನೇ ತರಗತಿ